ಕೆರಳುವ ಕರುಳು ಮತ್ತು ಪಥ್ಯದ ಪಾರಣೆ

ರೋಗಗಳಲ್ಲಿಯೂ ಅಂತಸ್ತುಗಳಿವೆ. ಹೃದಯದ ಬೇನೆಯುಳ್ಳವನು ಮದುವೆಯ ಮನೆಗೆ ಬಂದರೆ ಕುರ್ಚಿ ಸರಿಸುವವರು ನಾಲ್ವರು. ಸಕ್ಕರೆ ಕಾಯಿಲೆಯವನ ಎಲೆಯ ಮುಂದೆ ಬಡಿಸುವವರು ತಾವಾಗಿಯೇ ಪಾಯಸದ ಸೌಟನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ. ಮಂಡಿನೋವಿಗೂ ಸಭೆಯಲ್ಲಿ ಹೇಳಿಕೊಳ್ಳತಕ್ಕಷ್ಟು ಗೌರವವುಂಟು. ಆದರೆ ಊಟವಾಗಿ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಉಬ್ಬರಿಸಿ, ಕಿಬ್ಬೊಟ್ಟೆ ಹಿಂಡಿ, ಶೌಚಗೃಹವೆಲ್ಲಿದೆಯೆಂದು ಕಣ್ಣಿನಿಂದಲೇ ಹುಡುಕುವವನ ಸಂಕಟ ಮಾತ್ರ ಬಾಯಿಬಿಟ್ಟು ಹೇಳುವಂಥದಲ್ಲ. ಹೇಳಿದರೆ ಕೇಳಿದವರು ನಗುತ್ತಾರೆ, ನಗದವರು ಓಮದ ನೀರು ಕುಡಿಯೆನ್ನುತ್ತಾರೆ. ತುಮಕೂರಿನಿಂದ ಬೆಂಗಳೂರಿಗೆ ನಿತ್ಯವೂ ಬಸ್ಸಿನಲ್ಲಿ ಓಡಾಡುವ ನನ್ನ ಪರಿಚಿತರೊಬ್ಬರು ಬೆಳಗ್ಗೆ ತಿಂಡಿಯನ್ನು ಮುಟ್ಟದೆ, ಒಂದು ಗುಟುಕು ಕಾಫಿಯನ್ನೂ ಕುಡಿಯದೆ ಹೊರಡುವುದನ್ನು ಕಚೇರಿಯವರು ದೈವಭಕ್ತಿಯೆಂದು ಭಾವಿಸಿದ್ದಾರೆ. ಅವರೂ ಆ ಭಾವನೆಯನ್ನು ತಿದ್ದುವ ಗೋಜಿಗೆ ಹೋಗಿಲ್ಲ.

ಇಂಥವರು ವೈದ್ಯರಲ್ಲಿಗೆ ಹೋದಾಗ ಬರುವ ಫಲಿತಾಂಶವೂ ವಿಚಿತ್ರವಾದುದೇ. ರಕ್ತಪರೀಕ್ಷೆ, ಮಲಪರೀಕ್ಷೆ, ಸ್ಕ್ಯಾನಿಂಗ್, ಕೆಲವೊಮ್ಮೆ ಕರುಳಿನೊಳಕ್ಕೆ ದುರ್ಬೀನು ಇಳಿಸುವ ಪರೀಕ್ಷೆ, ಎಲ್ಲವೂ ಮುಗಿದ ಮೇಲೆ ಕಾಗದದ ಮೇಲೆ ‘ನಾರ್ಮಲ್’ ಎಂದು ಬರೆದು ಬರುತ್ತದೆ. ಸಂತೋಷಪಡಬೇಕಾದ ಆ ಸುದ್ದಿಯೇ ಮನೆಯಲ್ಲಿ ರೋಗಿಯ ಮೇಲಿನ ಆರೋಪವಾಗಿ ಪರಿಣಮಿಸುತ್ತದೆ. ರೋಗವಿಲ್ಲವೆಂದ ಮೇಲೆ ಅದು ನಟನೆಯಾಗಿರಬೇಕು, ಇಲ್ಲವೆ ಮನೋಭ್ರಮೆಯಾಗಿರಬೇಕು ಎಂಬುದು ಲೋಕದ ತರ್ಕ. ಈ ತರ್ಕ ತಪ್ಪು. ಕೆರಳುವ ಕರುಳಿನ ಬೇನೆ, ಅಂದರೆ ವೈದ್ಯರು ಐಬಿಎಸ್ ಎಂದು ಕರೆಯುವ ಈ ಲಕ್ಷಣಕೂಟ, ಕರುಳಿನ ರಚನೆಯ ದೋಷವಲ್ಲ, ಅದರ ನಡೆವಳಿಕೆಯ ದೋಷ; ಆದ್ದರಿಂದ ರಚನೆಯನ್ನು ಮಾತ್ರ ನೋಡಬಲ್ಲ ಯಂತ್ರಗಳ ಕಣ್ಣಿಗೆ ಅದು ಬೀಳುವುದಿಲ್ಲ.

ಕಾಯಿಲೆ ಹೊಸದೇನೂ ಅಲ್ಲ. 1892ರಲ್ಲಿ ವಿಲಿಯಂ ಆಸ್ಲರ್ ಇದರ ಒಂದು ಮುಖವನ್ನು ‘ಮ್ಯೂಕಸ್ ಕೊಲೈಟಿಸ್’ ಎಂಬ ಹೆಸರಿನಿಂದ ವರ್ಣಿಸಿದನು. ಈಗಿನ ಹೆಸರು ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಂಡುದು 1944ರ ಸುಮಾರಿಗೆ. ರೋಮ್ ನಗರದ ಹೆಸರನ್ನು ಹೊತ್ತ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು 2016ರಲ್ಲಿ ಪರಿಷ್ಕರಿಸಿದ ಲಕ್ಷಣಸೂತ್ರದ ಪ್ರಕಾರ, ಕಡೆಯ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವಿರಬೇಕು. ಆ ನೋವು ಮಲವಿಸರ್ಜನೆಗೆ ಸಂಬಂಧಿಸಿರುವುದು, ವಿಸರ್ಜನೆಯ ಸರದಿ ಹೆಚ್ಚುಕಡಿಮೆಯಾಗುವುದು, ಮಲದ ರೂಪ ಬದಲಾಗುವುದು, ಈ ಮೂರರಲ್ಲಿ ಎರಡಾದರೂ ಕೂಡಿರಬೇಕು. ತೊಂದರೆ ಆರಂಭವಾಗಿ ಆರು ತಿಂಗಳಾಗಿರಬೇಕು. ಈ ಬಿಗಿಯಾದ ಅಳತೆಯಿಂದ 33 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿಯೂ ನೂರಕ್ಕೆ ಸುಮಾರು ನಾಲ್ವರು ಸಿಕ್ಕಿದರು.

ನೋವು ಕಲ್ಪಿತವಲ್ಲವೆಂಬುದಕ್ಕೆ 1973ರ ಒಂದು ಪ್ರಯೋಗವೇ ಸಾಕ್ಷಿ. ರಿಚೀ ಎಂಬ ಆಂಗ್ಲ ವೈದ್ಯನು ದೊಡ್ಡ ಕರುಳಿನ ತುದಿಯಲ್ಲಿ ಸಣ್ಣ ಬಲೂನನ್ನಿರಿಸಿ ಮೆಲ್ಲನೆ ಊದಿಸಿದನು. 60 ಮಿಲಿಲೀಟರಿನಷ್ಟು ಗಾಳಿ ತುಂಬಿದಾಗ ಇತರರಲ್ಲಿ ನೂರಕ್ಕೆ ಆರು ಮಂದಿಗೆ ಮಾತ್ರ ನೋವಾದರೆ, ಈ ಬೇನೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋವೆಂದರು. ಈಚೆಗೆ ನಾಟಿಂಗ್‌ಹ್ಯಾಮಿನ ಸಂಶೋಧಕರು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಕಂಡುದೂ ಅದಕ್ಕೆ ಸಮಾನವಾದುದು: ಒಂದೇ ಪಾನೀಯವನ್ನು ಕುಡಿದ ರೋಗಿಗಳ ಮತ್ತು ನಿರೋಗಿಗಳ ಕರುಳಿನಲ್ಲಿ ಹುಟ್ಟಿದ ವಾಯು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು, ಆದರೆ ಸಂಕಟಪಟ್ಟವರು ಮುಖ್ಯವಾಗಿ ರೋಗಿಗಳು. ವಾಯುವಿನ ಅಪರಾಧಕ್ಕಿಂತ ಅದನ್ನು ಸಹಿಸಲಾರದ ನರಗಳ ಸೂಕ್ಷ್ಮತೆಯೇ ಇಲ್ಲಿ ಮಿಗಿಲೆಂದಾಯಿತು. ನರಗಳ ಸ್ವಭಾವವನ್ನು ಬದಲಿಸುವುದು ಸುಲಭವಲ್ಲ. ಅವುಗಳ ಮೇಲೆ ಬೀಳುವ ಒತ್ತಡವನ್ನು ತಗ್ಗಿಸುವುದಾದರೆ ಅಡುಗೆಮನೆಯಿಂದಲೇ ಸಾಧ್ಯ.

ಆದರೆ ಬಹುಕಾಲದವರೆಗೆ ವೈದ್ಯರು ಕೊಡುತ್ತಿದ್ದ ಆಹಾರೋಪದೇಶ ಒಂದೇ: ನಾರು ಹೆಚ್ಚಿಸಿ, ಗೋಧಿಯ ಬೂಸಾ ತಿನ್ನಿ. ನಮ್ಮಲ್ಲಿ ದನಗಳಿಗೆ ಮೀಸಲಾಗಿದ್ದ ಈ ಪದಾರ್ಥ ಪಶ್ಚಿಮದ ಉಪಾಹಾರದ ಬಟ್ಟಲಿಗೇರಿ ಎರಡು ದಶಕಗಳ ಕಾಲ ಸರ್ವೌಷಧಿಯಂತೆ ಮೆರೆಯಿತು. 1994ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ತಮ್ಮ ರೋಗಿಗಳನ್ನೇ ವಿಚಾರಿಸಿ ನೋಡಿದರೆ, ಬೂಸಾ ತಿಂದವರಲ್ಲಿ ನೂರಕ್ಕೆ 55 ಮಂದಿಗೆ ತೊಂದರೆ ಹೆಚ್ಚಿತ್ತು, ಹತ್ತೇ ಮಂದಿಗೆ ತಗ್ಗಿತ್ತು. ಹದಿನೈದು ವರ್ಷಗಳ ತರುವಾಯ ನೆದರ್ಲೆಂಡ್ಸಿನಲ್ಲಿ 275 ಜನ ರೋಗಿಗಳನ್ನು ಮೂರು ಗುಂಪಾಗಿಸಿ, ಒಂದಕ್ಕೆ ಬೂಸಾ, ಒಂದಕ್ಕೆ ಇಸಬಗೋಲ್, ಮತ್ತೊಂದಕ್ಕೆ ನಿರಪಾಯದ ಅಕ್ಕಿಹಿಟ್ಟು ಕೊಟ್ಟು ನೋಡಿದಾಗ, ಗುಣ ಕಂಡುದು ಇಸಬಗೋಲಿನಲ್ಲಿ. ಬೂಸಾದ ಗುಂಪಿನವರು ಅನೇಕರು ಹೊಟ್ಟೆ ಕೆಟ್ಟು ನಡುವೆಯೇ ಬಿಟ್ಟುಹೋದರು. ನೀರಿನಲ್ಲಿ ಲೋಳೆಯಾಗುವ ನಾರು ಬೇರೆ, ನೀರಿನಲ್ಲಿ ಕರಗದೆ ಕರುಳನ್ನು ಉಜ್ಜುವ ನಾರು ಬೇರೆ ಎಂಬ ವಿವೇಕ ಹೀಗೆ ತಡವಾಗಿ ಬಂದಿತು. ಇಸಬಗೋಲನ್ನು ಲೋಕಕ್ಕೆಲ್ಲ ಬಹುಪಾಲು ಒದಗಿಸುವುದು ಗುಜರಾತ್, ರಾಜಸ್ಥಾನಗಳ ಹೊಲಗಳು. ನಮ್ಮ ಔಷಧದಂಗಡಿಗಳಲ್ಲಿ ಅದಕ್ಕೆ ವೈದ್ಯರ ಚೀಟಿಯೂ ಬೇಕಿಲ್ಲ. ಸ್ವಲ್ಪದಿಂದ ಆರಂಭಿಸಿ ಧಾರಾಳವಾಗಿ ನೀರಿನೊಡನೆ ಸೇವಿಸಬೇಕೆಂಬುದಷ್ಟೇ ನಿಯಮ.

ಆಹಾರದ ವಿಚಾರದಲ್ಲಿ ನಿಜವಾದ ತಿರುವು ಬಂದುದು ಆಸ್ಟ್ರೇಲಿಯದ ಮೆಲ್ಬರ್ನಿನಿಂದ. ಅಲ್ಲಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಪಥ್ಯತಜ್ಞೆ ಸೂ ಶೆಫರ್ಡ್ 2005ರಲ್ಲಿ ಕೆಲವು ಸಕ್ಕರೆಗಳನ್ನು ಒಂದೇ ಶೀರ್ಷಿಕೆಯಡಿ ತಂದು ಅವುಗಳಿಗೆ ‘ಫಾಡ್‌ಮ್ಯಾಪ್’ ಎಂದು ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿರುವ ಫ್ರುಕ್ಟಾನ್, ಬೇಳೆಕಾಳುಗಳಲ್ಲಿರುವ ಗ್ಯಾಲಕ್ಟೊ-ಒಲಿಗೊಸ್ಯಾಕರೈಡುಗಳು, ಹಾಲಿನ ಲ್ಯಾಕ್ಟೋಸ್, ಮಾವು, ಸೇಬು, ಕಲ್ಲಂಗಡಿ, ಜೇನುಗಳಲ್ಲಿ ಮಿಗಿಲಾಗಿರುವ ಫ್ರುಕ್ಟೋಸ್, ಅಣಬೆಯಂಥವುಗಳಲ್ಲಿಯೂ ‘ಸಕ್ಕರೆಯಿಲ್ಲದ’ ಚ್ಯೂಯಿಂಗ್ ಗಮ್ಮುಗಳಲ್ಲಿಯೂ ಇರುವ ಪಾಲಿಯಾಲುಗಳು, ಇವೇ ಆ ಕುಟುಂಬದ ಸದಸ್ಯರು. ಮೊದಲೆರಡನ್ನು ಒಡೆಯತಕ್ಕ ಕಿಣ್ವ ಮನುಷ್ಯನಲ್ಲಿ ಹುಟ್ಟಿನಿಂದಲೇ ಇಲ್ಲ; ಮೂರನೆಯದಕ್ಕೆ ಬೇಕಾದುದು ಬಾಲ್ಯ ಕಳೆದ ಮೇಲೆ ಅನೇಕರಲ್ಲಿ ಕ್ಷೀಣಿಸುತ್ತದೆ; ಉಳಿದವುಗಳನ್ನು ಹೀರುವ ಶಕ್ತಿಗೆ ಒಂದು ಮಿತಿಯುಂಟು. ಹೀಗೆ ಹೀರಲ್ಪಡದೆ ಉಳಿದ ಸಕ್ಕರೆ ಸಣ್ಣ ಕರುಳಿನಲ್ಲಿ ನೀರನ್ನು ತನ್ನೆಡೆಗೆ ಸೆಳೆಯುತ್ತದೆ, ದೊಡ್ಡ ಕರುಳನ್ನು ತಲುಪಿದೊಡನೆ ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ವಾಯುವಾಗಿ ಮಾರ್ಪಡುತ್ತದೆ. ನಿರೋಗಿಗೆ ಇದು ನಿತ್ಯಕರ್ಮ, ಸೂಕ್ಷ್ಮನರಗಳವನಿಗೆ ಯಾತನೆ. 2014ರಲ್ಲಿ ಮೊನಾಶಿನವರು 30 ಮಂದಿ ರೋಗಿಗಳಿಗೂ ಎಂಟು ಮಂದಿ ನಿರೋಗಿಗಳಿಗೂ ತಾವೇ ಅಡುಗೆ ಮಾಡಿಕೊಟ್ಟು, 21 ದಿನ ಈ ಸಕ್ಕರೆಗಳು ಕಡಮೆಯಾದ ಊಟ, 21 ದಿನ ವಾಡಿಕೆಯ ಊಟ ಎಂದು ಪರೀಕ್ಷಿಸಿದಾಗ, ರೋಗಿಗಳ ಸಂಕಟದ ಅಂಕ ಸುಮಾರು ಅರ್ಧಕ್ಕಿಳಿಯಿತು; ನಿರೋಗಿಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಮೆಲ್ಬರ್ನಿನ ಪಟ್ಟಿಯನ್ನು ಹಾಗೆಯೇ ತಂದು ಮಂಡ್ಯದ ಅಡುಗೆಮನೆಯ ಗೋಡೆಗೆ ಅಂಟಿಸಿದರೆ ಉಪಯೋಗವಿಲ್ಲ. ಆ ಪಟ್ಟಿಯ ಹಿಂದಿನ ರಸಾಯನವನ್ನು ಅರಿತುಕೊಂಡರೆ ನಮ್ಮ ಪಾಕಪದ್ಧತಿಯಲ್ಲಿಯೇ ಬೇಕಾದಷ್ಟು ಉಪಾಯಗಳು ಸಿಕ್ಕುತ್ತವೆ. ಈರುಳ್ಳಿ ಬೆಳ್ಳುಳ್ಳಿಗಳ ಫ್ರುಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದಕಾರಣ ಹುಳಿಯಲ್ಲಿ ಕುದಿದ ಈರುಳ್ಳಿಯ ಹೋಳುಗಳನ್ನು ತಟ್ಟೆಯಂಚಿಗೆ ಸರಿಸಿ ಊಟ ಮಾಡುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ. ಕೆಡಕು ಆಗಲೇ ರಸಕ್ಕಿಳಿದಿರುತ್ತದೆ. ಅದೇ ಬೆಳ್ಳುಳ್ಳಿಯ ಎಸಳನ್ನು ಬರಿಯ ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಕೆಂಪಗೆ ಹುರಿದು, ಎಸಳನ್ನು ಹೊರತೆಗೆದು, ಆ ಒಗ್ಗರಣೆಯನ್ನು ಸಾರಿಗೆ ಸುರಿದರೆ ಪರಿಮಳ ಬರುತ್ತದೆ, ಸಕ್ಕರೆ ಬಾರದು. ಈರುಳ್ಳಿ ಸೊಪ್ಪಿನ ಹಸುರು ಭಾಗ ಬಹುಮಂದಿಗೆ ಸಹ್ಯ, ಕೆಳಗಿನ ಬಿಳಿಯ ಗೆಡ್ಡೆ ಅಲ್ಲ. ಇವೆರಡನ್ನೂ ಒಲ್ಲದ ಮಠದ ಅಡುಗೆಯಲ್ಲಿ ಅವುಗಳ ಸ್ಥಾನವನ್ನು ತುಂಬುತ್ತ ಬಂದಿರುವ ಇಂಗು ಇಲ್ಲಿಯೂ ಒದಗುತ್ತದೆ. ಅಂಗಡಿಯ ಇಂಗಿನ ಪುಡಿಗೆ ಮೈದಾ ಬೆರೆಸಿರುವುದುಂಟಾದರೂ ಒಂದು ಚಿಟಿಕೆಯಿಂದ ಈ ಬೇನೆಯವರಿಗೆ ಬಾಧಕವಿಲ್ಲ.

ಬೇಳೆಕಾಳುಗಳ ಸಕ್ಕರೆಯೂ ನೀರಿಗೆ ಬಿಟ್ಟುಕೊಳ್ಳತಕ್ಕದ್ದೇ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲುವ, ಮೊಳಕೆ ಬರಿಸುವ, ಬೇಯಿಸಿದ ಕಟ್ಟನ್ನು ಬಸಿಯುವ ನಮ್ಮ ವಾಡಿಕೆಗಳೆಲ್ಲವೂ ಅದನ್ನು ಅಷ್ಟಷ್ಟಾಗಿ ತಗ್ಗಿಸುತ್ತವೆ. ಹಳೆಯ ಮೈಸೂರು ಸೀಮೆಯ ಬಸ್ಸಾರಿನ ಊಟದಲ್ಲಿ ಇದರಿಂದ ಒಂದು ಸ್ವಾರಸ್ಯ ಒದಗುತ್ತದೆ: ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬಸಿದುಳಿದುದು ಪಲ್ಯವಾಗುತ್ತದೆ, ಸೂಕ್ಷ್ಮ ಹೊಟ್ಟೆಯವನು ಸಾರು ಹಗುರ, ಪಲ್ಯ ಭಾರವೆಂದು ತಿಳಿದು ಸಾರನ್ನೇ ಸುರಿದುಕೊಳ್ಳುತ್ತಾನೆ, ಆದರೆ ಕರಗಿದ ಸಕ್ಕರೆಯ ಬಹುಪಾಲೂ ರುಬ್ಬಿ ಹಾಕಿದ ಈರುಳ್ಳಿ ಬೆಳ್ಳುಳ್ಳಿಯೂ ಇರುವುದು ಆ ಸಾರಿನಲ್ಲಿಯೇ. ಅಂಥವನಿಗೆ ಒಂದೆರಡು ಚಮಚ ಪಲ್ಯವೇ ಮೇಲು. ಮಾಗಿಯ ಕಾಲದಲ್ಲಿ ಹಿತಕಿದ ಅವರೆಯ ಮೋಹಕ್ಕೆ ಸಿಕ್ಕಿದವರಿಗೆ ಹೇಳಬಹುದಾದುದು ಪ್ರಮಾಣದ ಮಾತೊಂದೇ. ಸಿಪ್ಪೆ ಹೋದುದರಿಂದ ಒರಟು ನಾರು ಹೋಯಿತು, ಸಕ್ಕರೆ ಕಾಳಿನೊಳಗೇ ಉಳಿಯಿತು. ಆದ್ದರಿಂದ ಬಟ್ಟಲಿಗೆ ಬದಲು ಸೌಟಿನ ತುದಿಯಷ್ಟು.

ಅನ್ನದ ವಿಷಯದಲ್ಲಿ ನಾವು ಅದೃಷ್ಟವಂತರು. ಧಾನ್ಯಗಳಲ್ಲೆಲ್ಲ ಅಕ್ಕಿಯ ಪಿಷ್ಟವೇ ಸಣ್ಣ ಕರುಳಿನಲ್ಲಿ ಅತಿ ಸಂಪೂರ್ಣವಾಗಿ ಜೀರ್ಣವಾಗಿ, ದೊಡ್ಡ ಕರುಳಿನ ಜೀವಿಗಳಿಗೆ ಅತ್ಯಲ್ಪವನ್ನುಳಿಸುವುದೆಂದು ಉಸಿರಿನ ಹೈಡ್ರೋಜನ್ ಪರೀಕ್ಷೆಗಳಿಂದ ತಿಳಿದುಬಂದಿದೆ. ಅಕ್ಕಿರೊಟ್ಟಿ, ಅವಲಕ್ಕಿ, ಅಕ್ಕಿಯ ಶ್ಯಾವಿಗೆ, ಉದ್ದು ಕಡಮೆ ಬೆರೆತು ಹುಳಿಬಂದ ಇಡ್ಲಿ, ಇವು ಈ ಬೇನೆಯವರ ಮಿತ್ರರು. ಸೌತೆಕಾಯಿ, ಬದನೆ, ಕ್ಯಾರೆಟ್ಟು, ಪರಂಗಿಹಣ್ಣು, ಕಿತ್ತಳೆ, ಹದವಾಗಿ ಮಾಗಿದ ಬಾಳೆಹಣ್ಣು ಇವುಗಳಿಗೂ ಭಯಪಡಬೇಕಿಲ್ಲ. ಗೋಡಂಬಿಯನ್ನು ಬಿಟ್ಟು ಕಡಲೆಕಾಯಿಗೆ ಬರುವುದು ಹೊಟ್ಟೆಗೂ ಲಾಭ, ಕಿಸೆಗೂ ಲಾಭ.

ಹಾಲಿನ ಲ್ಯಾಕ್ಟೋಸನ್ನು ಜೀರ್ಣಿಸಲಾರದ ವಯಸ್ಕರು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಹೆಪ್ಪಾಗುವಾಗ ಲ್ಯಾಕ್ಟೋಸಿನ ಒಂದು ಭಾಗ ಕರಗಿಹೋಗುವುದರಿಂದಲೂ, ಹೆಪ್ಪಿನ ಜೀವಿಗಳು ಉಳಿದುದನ್ನು ಒಡೆಯಲು ಕರುಳಿನೊಳಗೂ ನೆರವಾಗುವುದರಿಂದಲೂ, ಹಾಲು ಸಲ್ಲದವರಿಗೆ ಮೊಸರು ಸಲ್ಲುವುದುಂಟು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯ ಗ್ರಹಣೀದೋಷವನ್ನು, ಎಂದರೆ ಜೀರ್ಣಶಕ್ತಿ ಕೆಟ್ಟು ಬರುವ ಕರುಳಿನ ಬೇನೆಯನ್ನು, ಕುರಿತದ್ದು. ಅಲ್ಲಿ ತಕ್ರಕ್ಕೆ, ಎಂದರೆ ಮಜ್ಜಿಗೆಗೆ, ವಿಶೇಷ ಪ್ರಶಂಸೆಯಿದೆ. ಗ್ರಹಣಿಯೂ ಐಬಿಎಸ್ಸೂ ಒಂದೇ ಎಂದು ಸಾಧಿಸಹೊರಡುವ ಉತ್ಸಾಹ ನನಗಿಲ್ಲ. ಎರಡರ ಚೌಕಟ್ಟುಗಳೇ ಬೇರೆ. ಆದರೆ ಮಜ್ಜಿಗೆಯನ್ನು ಮೆಚ್ಚಿದವರು ಅನುಭವದಿಂದ ಮೆಚ್ಚಿದರೆಂಬುದು ಸ್ಪಷ್ಟ.

ಇನ್ನು ಕಾಫಿ. ನಮ್ಮ ಫಿಲ್ಟರ್ ಕಾಫಿಯ ಲೋಟದಲ್ಲಿ ಕರುಳನ್ನು ಕೆರಳಿಸಬಲ್ಲ ಮೂರು ಸಂಗತಿಗಳು ಒಟ್ಟುಗೂಡಿವೆಯೆಂಬುದನ್ನು ನಾನು ದುಃಖದಿಂದಲೇ ಬರೆಯಬೇಕಾಗಿದೆ. ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ಕೆಲವರ ದೊಡ್ಡ ಕರುಳು ಚುರುಕಾಗುತ್ತದೆ, ಹಾಲಿನಲ್ಲಿ ಲ್ಯಾಕ್ಟೋಸಿದೆ, ಮೂರನೆಯದಾಗಿ, ಪುಡಿಗೆ ಬೆರೆಸುವ ಚಿಕೋರಿಯ ಬೇರು ಫ್ರುಕ್ಟಾನಿನ ಗಣಿ, ಇನ್ಯುಲಿನ್ ಎಂಬ ಫ್ರುಕ್ಟಾನನ್ನು ಕಾರ್ಖಾನೆಗಳು ತೆಗೆಯುವುದೇ ಆ ಬೇರಿನಿಂದ. ಹುರಿಯುವಾಗ ಅದರಲ್ಲಿ ಒಂದಷ್ಟು ಕಳೆದುಹೋದರೂ ಎಲ್ಲವೂ ಹೋಗುವುದಿಲ್ಲ. ಕಾಫಿಯನ್ನೇ ತ್ಯಜಿಸುವುದಕ್ಕೆ ಮೊದಲು ಚಿಕೋರಿಯಿಲ್ಲದ ಪುಡಿಯನ್ನು ಕೊಂಡು, ಹಾಲನ್ನು ತಗ್ಗಿಸಿ ನೋಡಿರೆಂದು ನನ್ನಂಥ ಕಾಫಿಪ್ರಿಯನು ಹೇಳದೆ ಮತ್ತಾರು ಹೇಳಬೇಕು?

ಇಷ್ಟೆಲ್ಲ ಓದಿ ಈ ಕ್ಷಣವೇ ಎಲ್ಲವನ್ನೂ ಬಿಡಲು ಹೊರಡುವವರಿಗೆ ಒಂದು ಮಾತು. ಈ ಪಥ್ಯ ಆಜೀವ ಸಂನ್ಯಾಸವಲ್ಲ, ಅವಧಿಯುಳ್ಳ ವ್ರತ. ನಮ್ಮ ಮಾಧ್ವ ಮನೆಗಳ ಚಾತುರ್ಮಾಸ್ಯವನ್ನು ನೋಡಿ: ಮೊದಲ ತಿಂಗಳು ಶಾಕವ್ರತವೆಂದು ತರಕಾರಿಯಿಲ್ಲ, ಎರಡನೆಯದರಲ್ಲಿ ದಧಿವ್ರತವೆಂದು ಮೊಸರಿಲ್ಲ, ಮೂರನೆಯದರಲ್ಲಿ ಕ್ಷೀರವ್ರತವೆಂದು ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳವ್ರತವೆಂದು ಬೇಳೆಯಿಲ್ಲ. ಅದರ ಉದ್ದೇಶ ಹರಿಸೇವೆಯೇ ಹೊರತು ಕರುಳಿನ ಸೇವೆಯಲ್ಲ. ಬಿಡುವ ಕ್ರಮವೂ ಬೇರೆ, ಏಕೆಂದರೆ ಅಲ್ಲಿ ಒಂದೊಂದನ್ನಾಗಿ ಬಿಡುತ್ತಾರೆ, ಮೆಲ್ಬರ್ನಿನ ಕ್ರಮದಲ್ಲಿ ಎಲ್ಲವನ್ನೂ ಒಮ್ಮೆಗೇ ತಗ್ಗಿಸಿ ಒಂದೊಂದನ್ನಾಗಿ ಹಿಂದಕ್ಕೆ ಕರೆಯುತ್ತಾರೆ. ಆದರೆ ಬಿಟ್ಟುದು ಮರಳಿ ಎಲೆಗೆ ಬರುವ ದಿನ ವ್ರತದ ಆರಂಭದಲ್ಲಿಯೇ ನಿಶ್ಚಯವಾಗಿರುತ್ತದೆ. ಪಾರಣೆಯಿಲ್ಲದ ವ್ರತವನ್ನು ನಮ್ಮ ಹಿರಿಯರು ಕಲ್ಪಿಸಿಕೊಂಡಿರಲಿಲ್ಲ. ಪಥ್ಯಕ್ಕೂ ಅಂಥ ಪಾರಣೆ ಬೇಕು.

ಮೊದಲ ಘಟ್ಟ ನಾಲ್ಕರಿಂದ ಆರು ವಾರ. ಅಷ್ಟರೊಳಗೆ ಗುಣ ಕಾಣದಿದ್ದರೆ ಈ ಮಾರ್ಗ ತನಗಲ್ಲವೆಂದರಿತು ಎಂದಿನ ಊಟಕ್ಕೆ ಹಿಂದಿರುಗತಕ್ಕದ್ದು. ಗುಣ ಕಂಡರೆ ಎರಡನೆಯ ಘಟ್ಟ: ಒಂದು ಬಗೆಯ ಸಕ್ಕರೆಗೆ ಒಂದೇ ಪದಾರ್ಥವನ್ನು ಆರಿಸಿಕೊಂಡು, ಲ್ಯಾಕ್ಟೋಸಿಗೆ ಹಾಲು, ಫ್ರುಕ್ಟೋಸಿಗೆ ಜೇನು, ಫ್ರುಕ್ಟಾನಿಗೆ ಬೆಳ್ಳುಳ್ಳಿ ಎಂಬಂತೆ, ಮೂರು ದಿನ ದಿನಕ್ಕಿಷ್ಟಿಷ್ಟು ಹೆಚ್ಚಿಸುತ್ತ ತಿಂದು ಬರೆದಿಟ್ಟುಕೊಳ್ಳುವುದು, ನಡುವೆ ಎರಡು ಮೂರು ದಿನ ಬಿಡುವು ಕೊಟ್ಟು ಮುಂದಿನದಕ್ಕೆ ಹೋಗುವುದು. ಬಹುಮಂದಿಗೆ ಕೆರಳಿಸುವುವು ಒಂದೆರಡೇ ಎಂದು ಇದರಿಂದ ತಿಳಿಯುತ್ತದೆ. ಉಳಿದುವೆಲ್ಲ ಎಲೆಗೆ ಮರಳುತ್ತವೆ. ಮರಳಲೇಬೇಕು ಕೂಡ. ಏಕೆಂದರೆ ಈ ಸಕ್ಕರೆಗಳೇ ಕರುಳಿನ ಉಪಕಾರಿ ಜೀವಿಗಳ ಆಹಾರ. ಇವುಗಳನ್ನು ಬಿಟ್ಟ ಕೆಲವೇ ವಾರಗಳಲ್ಲಿ ಬೈಫಿಡೊ ಬ್ಯಾಕ್ಟೀರಿಯಗಳ ಸಂಖ್ಯೆ ಇಳಿಯುವುದೆಂದು ಸಂಶೋಧನೆಗಳು ತೋರಿಸಿವೆ. ಬೇಳೆ ಬಿಟ್ಟ ಸಸ್ಯಾಹಾರಿಗೆ ಪ್ರೋಟೀನಿನ, ಹಾಲು ಬಿಟ್ಟವನಿಗೆ ಕ್ಯಾಲ್ಸಿಯಂನ ಕೊರತೆ ಬೇರೆ. ಮಕ್ಕಳು, ಗರ್ಭಿಣಿಯರು, ಮೊದಲೇ ಕೃಶರಾದವರು ಪಥ್ಯತಜ್ಞರ ಸಹಾಯವಿಲ್ಲದೆ ಇದಕ್ಕೆ ಕೈಹಾಕಬಾರದು.

ಗೋಧಿಯನ್ನು ಕುರಿತು ಈಗ ನಗರಗಳಲ್ಲಿ ಹಬ್ಬಿರುವ ಗ್ಲೂಟನ್ ಭೀತಿಗೆ ಹೆಚ್ಚು ಪುಟ ಕೊಡಬೇಕಿಲ್ಲ. ಗ್ಲೂಟನ್ ತಮಗಾಗದೆಂದು ನಂಬಿದ್ದ, ಆದರೆ ಸೀಲಿಯಾಕ್ ರೋಗವಿಲ್ಲದ 59 ಮಂದಿಗೆ ನಾರ್ವೆಯಲ್ಲಿ ಗುರುತು ಮರೆಸಿ ಗ್ಲೂಟನ್ನನ್ನೂ ಫ್ರುಕ್ಟಾನನ್ನೂ ಬೇರೆಬೇರೆಯಾಗಿ ತಿನ್ನಿಸಿ ನೋಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಹೆಚ್ಚು ಕಾಡಿದುದು ಫ್ರುಕ್ಟಾನ್. ಆದರೆ ಗ್ಲೂಟನ್ನಿನಿಂದ ಕರುಳು ಕೆಡುವ ಸೀಲಿಯಾಕ್ ರೋಗ ಬೇರೆಯೇ ಆದ ಗಂಭೀರ ವ್ಯಾಧಿ. ಅದರ ರಕ್ತಪರೀಕ್ಷೆ ಗೋಧಿಯನ್ನು ತಿನ್ನುತ್ತಿರುವಾಗ ಮಾತ್ರ ಸರಿಯಾದ ಫಲಿತಾಂಶ ಕೊಡುವುದರಿಂದ, ಚಪಾತಿಯನ್ನು ಬಿಡುವ ಮುನ್ನವೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ತೀರ್ಪನ್ನು ಕೇಳಿದರೆ, ಮೆಲ್ಬರ್ನಿನ ವ್ರತ ಎರಡನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ಸ್ವೀಡನ್ನಿನಲ್ಲಿ 75 ರೋಗಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಈ ಪಥ್ಯವನ್ನೂ ಇನ್ನೊಂದಕ್ಕೆ ಹಳೆಯ ಸಾಮಾನ್ಯ ಬುದ್ಧಿವಾದವನ್ನೂ ಕೊಟ್ಟು 2015ರಲ್ಲಿ ಫಲ ಪ್ರಕಟಿಸಿದಾಗ, ಎರಡರಲ್ಲಿಯೂ ಸರಿಸುಮಾರು ಅರ್ಧ ಮಂದಿಗೆ ಗುಣ ಸಿಕ್ಕಿತ್ತು. ಆ ಬುದ್ಧಿವಾದವಾದರೂ ಏನು? ಹೊತ್ತಿಗೆ ಸರಿಯಾಗಿ ಉಣ್ಣುವುದು, ಅವಸರವಿಲ್ಲದೆ ಅಗಿಯುವುದು, ಊಟ ತಪ್ಪಿಸದಿರುವುದು, ಕರಿದುದನ್ನೂ ಮದ್ಯವನ್ನೂ ಸೋಡಾವನ್ನೂ ತಗ್ಗಿಸುವುದು. ಬ್ರಿಟನ್ನಿನ ಸರಕಾರೀ ಮಾರ್ಗಸೂಚಿ ಹೇಳುವಂತೆ ಚಹಾ ಕಾಫಿಗಳನ್ನು ದಿನಕ್ಕೆ ಮೂರು ಬಟ್ಟಲಿಗೆ, ಹಣ್ಣನ್ನು ಮೂರು ಪಾಲಿಗೆ ಮಿತಿಗೊಳಿಸುವುದು. ಹೋಟೆಲಿನಲ್ಲಿ ನಿಂತುಕೊಂಡೇ ಐದು ನಿಮಿಷದಲ್ಲಿ ಮಸಾಲೆದೋಸೆಯನ್ನು ಮುಗಿಸಿ ಬಸ್ಸಿಗೋಡುವವನು ಮೊದಲು ಕುಳಿತು ತಿನ್ನುವುದನ್ನು ಕಲಿಯಲಿ, ಆಮೇಲೆ ಫ್ರುಕ್ಟಾನಿನ ಲೆಕ್ಕ ಹಾಕಲಿ. ಖಾರ ನೋಯಿಸುವುದಾದರೆ ಮೆಣಸಿನಕಾಯಿಯನ್ನೇ ತೊರೆಯಬೇಕಿಲ್ಲ. ಬಣ್ಣ ಹೆಚ್ಚು, ಖಾರ ಕಡಮೆಯಾದ ಬ್ಯಾಡಗಿ ನಮ್ಮಲ್ಲಿಯೇ ಬೆಳೆಯುತ್ತದೆ. ಮನಸ್ಸಿನ ಉದ್ವೇಗ ಕರುಳಿಗೆ ಮುಟ್ಟುವುದಂತೂ ನಿಶ್ಚಯ. 2016ರಲ್ಲಿ ಮೊನಾಶಿನವರೇ ಕರುಳನ್ನು ಉದ್ದೇಶಿಸಿದ ಸಂಮೋಹನ ಚಿಕಿತ್ಸೆಯನ್ನು ತಮ್ಮ ಪಥ್ಯದೊಡನೆ ಹೋಲಿಸಿ, ಎರಡೂ ಸಮಸಮನೆಂದು ಒಪ್ಪಿಕೊಂಡರು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದೆಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಆರಂಭವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಪಥ್ಯದ ಮಾತನ್ನು ಬದಿಗಿರಿಸಿ ವೈದ್ಯರನ್ನು ಕಾಣಬೇಕು. ಕರುಳಿನ ಕ್ಷಯ ಇನ್ನೂ ಉಳಿದಿರುವ ನಮ್ಮ ದೇಶದಲ್ಲಿ ಈ ಎಚ್ಚರ ಇಮ್ಮಡಿಯಾಗಿರತಕ್ಕದ್ದು.

ಹಾಗೆಯೇ, ಯಾರೋ ಹೇಳಿದರೆಂದು ವರ್ಷಗಳ ಹಿಂದೆ ಈರುಳ್ಳಿ, ಬೇಳೆ, ಹಾಲು, ಹಣ್ಣು ಎಲ್ಲವನ್ನೂ ಬಿಟ್ಟು, ಇಂದಿಗೂ ಬರಿಯ ಅನ್ನ ಮಜ್ಜಿಗೆಯಲ್ಲಿ ದಿನ ನೂಕುತ್ತಿರುವ ಓದುಗರು ಇದ್ದರೆ ಅವರಲ್ಲಿ ನನ್ನದೊಂದು ಕೋರಿಕೆ: ಪಥ್ಯತಜ್ಞರೊಬ್ಬರನ್ನು ಕಂಡು, ನೋವಿಲ್ಲದೊಂದು ವಾರವನ್ನಾರಿಸಿಕೊಂಡು, ಮೊದಲ ದಿನ ಎರಡು ಚಮಚ ಹೆಸರುಬೇಳೆಯ ತೊವ್ವೆಯಿಂದ ಆರಂಭಿಸಿ, ಬಿಟ್ಟುದನ್ನು ಒಂದೊಂದಾಗಿ ಎಲೆಗೆ ಮರಳಿಸಿಕೊಳ್ಳಿ.